ಎರ್ರಮ್ಮನಿಗೆ ಹುಳಿನೀರಿನ ಮಜ್ಜನ

ಬಳ್ಳಾರಿ ಸ್ಟೇಷನ್ನಿನ ಆಚೆಗಿದ್ದ ಹತ್ತಿ ಪ್ರೆಸ್ಸಿನಲ್ಲಿ ಹಂಪಕ್ಕನಿಗೆ ಕೊಟ್ಟಿದ್ದ ಕೆಲಸ ನೀರು ಹೊರುವುದು. ಅಷ್ಟೇ. ಬಾಯ್ಲರಿಗೆ ಸ್ನಾನ ಮಾಡಿಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳದ ಕೆಲಸವನ್ನು ಮೈಮೇಲೆ ಹಾಕಿಕೊಂಡು ಮಾಡುವವರನ್ನು ಕಂಡರೆ ಜನ ಹೊಗಳುತ್ತಾರೆ. ಹೊಗಳಬಾರದು. ಯಾಕೆ ಅಂತ ಈ ಹಂಪಕ್ಕನ ಬಾಳು ಕೇಳಿದರೆ ತಿಳಿಯುತ್ತದೆ.

ಹುಟ್ಟಿದ್ದು ಹಚ್ಚೊಳ್ಳಿಯಲ್ಲಿ. ಲಗ್ನವಾಗಿ ಹೋದದ್ದು ಕುರುಗೋಡಿಗೆ. ಆ ಊರಿನ ಹತ್ತಿ ಗಾಡಿಗಳ ಹಿಂದೆ ಗಂಡ ಚಿನ್ನಪ್ಪನ ಜೊತೆ ನಡೆದು ಬಳ್ಳಾರಿಗೆ ಬಂದವಳು ಬಳ್ಳಾರಿಯಲ್ಲೇ ಉಳಿದಳು. ಗಟ್ಟಿ ಆಳು, ಗಟ್ಟಿ ಬಾಯಿ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇದ್ದರೂ ಜಗಳ ಮಾಡಲು ಅವಳಿಗೆ ಒಂದು ಕೈ ಯಾವಾಗಲೂ ಬಿಡುವಿರುತ್ತಿತ್ತು. ಅವಳ ದೊಡ್ಡ ಹೆಮ್ಮೆ ಎಂದರೆ ಪಾತ್ರೆ ಬೆಳಗುವುದು. ಹುಣಸೆಹಣ್ಣು, ಹರಳುಪ್ಪು, ತೆಂಗಿನ ನಾರು, ಇಷ್ಟು ಕೊಟ್ಟರೆ ಸಾಕು, ಹಂಪಕ್ಕ ಬೆಳಗಿದ ತಾಮ್ರದ ಕೊಡದಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದು ಎಂದು ಕೇರಿಯ ಹೆಂಗಸರೇ ಒಪ್ಪಿಕೊಂಡಿದ್ದರು. ಪ್ರೆಸ್ಸಿನಲ್ಲೇ ಕೂಲಿ ಮಾಡುವ ಪಕ್ಕದ ಮನೆಯ ಹುಲುಗಮ್ಮ ಮಾತ್ರ ಒಪ್ಪಿರಲಿಲ್ಲ. ಹುಲುಗಮ್ಮನಿಗೆ ಹುಣ್ಣಿಮೆ ಹುಣ್ಣಿಮೆಗೆ ಮೈಮೇಲೆ ದೇವರು ಬರುತ್ತಿತ್ತು. ದೇವರು ಬರುವವಳಿಗೆ ಕೊಡದ ಹೊಳಪು ಯಾವ ಲೆಕ್ಕ!

ಪ್ರೆಸ್ಸಿನಲ್ಲಿ ನಡೆಯುತ್ತಿದ್ದದ್ದು ಇಷ್ಟು. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡುಗಳಿಂದ ಹತ್ತಿ ಬರುತ್ತಿತ್ತು. ಅದನ್ನು ಯಂತ್ರದಲ್ಲಿ ಹಾಕಿ ಉಗಿಯ ಬಲದಿಂದ ಒತ್ತಿ, ಕಬ್ಬಿಣದ ಪಟ್ಟಿ ಬಿಗಿದು, ಅಂಡಿಗೆ ಮಾಡಿ ರೈಲಿಗೆ ಏರಿಸುವುದು. ಆ ಉಗಿ ಹುಟ್ಟುತ್ತಿದ್ದದ್ದು ಬಾಯ್ಲರಿನಲ್ಲಿ. ಇಟ್ಟಿಗೆಯ ಹಾಸಿಗೆಯ ಮೇಲೆ ಅಡ್ಡ ಮಲಗಿದ ದೊಡ್ಡ ಕಬ್ಬಿಣದ ಪೀಪಾಯಿ ಅದು. ಹೊಟ್ಟೆ ತುಂಬ ನೀರು, ನಡುವೆ ಬೆಂಕಿಯ ಗೂಡು, ಮುಂದೊಂದು ಬಾಗಿಲು. ಬಾಗಿಲು ತೆರೆದರೆ ಒಳಗೆಲ್ಲ ನಿಗಿನಿಗಿ ಕೆಂಪು. ತೆಲುಗಿನಲ್ಲಿ ಕೆಂಪಿಗೆ ಎರ್ರ ಅನ್ನುತ್ತಾರಲ್ಲ, ಹಾಗಾಗಿ ಕೂಲಿಗಳೆಲ್ಲ ಸೇರಿ ಬಾಯ್ಲರಿಗೆ ಎರ್ರಮ್ಮ ಎಂದು ಹೆಸರಿಟ್ಟಿದ್ದರು. ಎರ್ರಮ್ಮನ ಬಾಯಿಗೆ ಕಟ್ಟಿಗೆ ಹಾಕುವವನು ಚಿನ್ನಪ್ಪ. ಹೊಟ್ಟೆಗೆ ನೀರು ಕೊಡುವವಳು ಹಂಪಕ್ಕ. ಮಕ್ಕಳಿಲ್ಲದ ಗಂಡ ಹೆಂಡತಿಗೆ ಹೊತ್ತು ಹೊತ್ತಿಗೆ ತಿನ್ನಿಸಿ ಕುಡಿಸುವ ಸುಖ ಹೀಗೆ ಸಿಕ್ಕಿತ್ತು ಎಂದರೆ ನಗಬೇಡಿ.

ಶನಿವಾರ ಸಂಜೆ ಬೆಂಕಿ ಆರಿಸುವರು. ಭಾನುವಾರ ಮಧ್ಯಾಹ್ನಕ್ಕೆ ಎರ್ರಮ್ಮನ ಮೈ ಕೈಗೆ ತಡೆಯುವಷ್ಟು ತಣ್ಣಗಾಗುತ್ತಿತ್ತು. ಆಗ ಹಂಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರುಗೋಡಿನ ಹುಣಸೆಹಣ್ಣು ಹಿಚುಕಿ, ಉಪ್ಪು ಬೆರೆಸಿ, ಮುಖದ ತಗಡನ್ನು ತಿಕ್ಕಲು ನಿಲ್ಲುವಳು. ಹೊಗೆ, ಮಸಿ, ಜಂಗು, ಎಲ್ಲ ಬಿಟ್ಟು ಕಬ್ಬಿಣ ಬೆಳ್ಳಗೆ ನಗುತ್ತಿತ್ತು. ಮೇಲೆ ಕೊಡಗಟ್ಟಲೆ ನೀರು ಸುರಿದು, ಅರಿಶಿನ ಹಚ್ಚಿ, ಕುಂಕುಮ ಇಟ್ಟು ಕೈ ಮುಗಿಯುವಳು. ಸುರಿದ ನೀರು ಮುಖದ ಮೇಲಿಂದ ಇಳಿದು ಇಟ್ಟಿಗೆಯ ಸಂದಿಗೆ ಹೋಗಿ ಎಲ್ಲೋ ಮಾಯವಾಗುತ್ತಿತ್ತು. ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಸ್ನಾನದ ನೀರು ಎಲ್ಲಿಗೆ ಹೋಯಿತು ಅಂತ ಲೋಕದಲ್ಲಿ ಯಾರಾದರೂ ಕೇಳಿದ್ದುಂಟೇ? ಹೀಗೆ ವರ್ಷಗಳು ಕಳೆದವು.

ಪ್ರೆಸ್ಸಿನ ಒಡೆಯರು ಮದ್ರಾಸಿನಲ್ಲಿದ್ದರು. ಇಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಗುಮಾಸ್ತ ರಾಘಣ್ಣನವರು. ಹಣೆಯಲ್ಲಿ ಅಂಗಾರ ಅಕ್ಷತೆ, ಕಂಕುಳಲ್ಲಿ ಛತ್ರಿ, ಮನೆ ಬಿಟ್ಟು ಹೊರಟರೆ ಬರೀ ಮೈಲಿಗೆಯ ಚಿಂತೆ. ಎದುರಿಗೆ ಹಂಪಕ್ಕ ಬಂದರೆ ಪಂಚೆ ಎತ್ತಿಕೊಂಡು ಗೋಡೆಯ ಕಡೆಗೆ ಸರಿಯುತ್ತಿದ್ದರು. ಅವಳು ಹೊತ್ತ ನೀರನ್ನು ಮುಟ್ಟುತ್ತಿರಲಿಲ್ಲ. ಆ ನೀರಿನ ಉಗಿಯಿಂದ ಬರುತ್ತಿದ್ದ ಸಂಬಳಕ್ಕೆ ಮಾತ್ರ ಮೈಲಿಗೆ ತಟ್ಟುತ್ತಿರಲಿಲ್ಲ, ಅದು ಬೇರೆ ಮಾತು.

ಇಂಥ ರಾಘಣ್ಣನವರು ಒಂದು ಬೆಳಿಗ್ಗೆ ತಾವಾಗಿ ಬಾವಿಕಟ್ಟೆಯ ತನಕ ಬಂದು, ಆಕೆಯ ಎದುರಿಗೇ ನಿಂತರು. ಹಂಪಕ್ಕನಿಗೆ ಹಗ್ಗ ಜಾರಿ ಕೊಡ ಬಾವಿಗೆ ಬೀಳುವುದೊಂದು ಬಾಕಿ.

"ಹಂಪಕ್ಕ, ನಿನ್ನ ಮೈಮ್ಯಾಲೆ ದೇವರು ಬರತದೇನು?"

ಇದಕ್ಕಿಂತ ನೋವಿನ ಪ್ರಶ್ನೆಯನ್ನು ಹಂಪಕ್ಕನಿಗೆ ಯಾರೂ ಕೇಳಿರಲಿಲ್ಲ. ಬರಲಿ ಎಂದು ಅವಳು ಎಷ್ಟು ಹುಣ್ಣಿಮೆ ತಲೆ ಬಿಚ್ಚಿ ಕೂತಿದ್ದಳು! ಪಕ್ಕದ ಮನೆಗೆ ಬಂದ ದೇವರು ಗೋಡೆ ದಾಟಿ ಈಚೆಗೆ ಬರುತ್ತಿರಲಿಲ್ಲ. ಆದರೆ ಇದನ್ನೆಲ್ಲ ಗುಮಾಸ್ತರ ಮುಂದೆ ಹೇಳಲಾದೀತೇ?

"ಬರತಾಳ್ರಿ," ಎಂದಳು ಹಂಪಕ್ಕ. "ಬಂದ್ಲಂದ್ರ ಹಿಡಿಯಾಕ ನಾಕು ಮಂದಿ ಗಟ್ಟಿ ಆಳು ಬೇಕು."

ರಾಘಣ್ಣನವರ ಮುಖ ಅರಳಿತು. ಸುತ್ತ ನೋಡಿ ವಿಷಯ ಹೇಳಿದರು. ಸರ್ಕಾರದ ಹೊಸ ಕಾನೂನು ಬಂದಿತ್ತು. ಬಾಯ್ಲರ್ ಇಟ್ಟುಕೊಂಡವರೆಲ್ಲ ಅದನ್ನು ಇನ್‌ಸ್ಪೆಕ್ಟರ್ ಸಾಹೇಬರಿಗೆ ತೋರಿಸಬೇಕು. ಅವರು ಸರಿ ಎಂದರೆ ಬೆಂಕಿ, ಇಲ್ಲವೆಂದರೆ ಬೀಗ. ಮುಂದಿನ ವಾರ ಬಳ್ಳಾರಿಯ ಪಾಳಿ. ಹತ್ತಿಯ ಸುಗ್ಗಿಯ ನಟ್ಟನಡುವೆ, ಅಂಗಳದ ತುಂಬ ಗಾಡಿ.

"ಆ ಸಾಹೇಬ ಸುತ್ತಿಗಿ ತಗೊಂಡು ಎರ್ರಮ್ಮನ ಮೈಯೆಲ್ಲಾ ಬಡೀತಾನಂತ. ಕಾಲ ಹತ್ರ, ಇಟ್ಟಂಗಿ ಮ್ಯಾಲೆ, ಬಲಗಡೆ, ಅಲ್ಲಿ ಮಾತ್ರ ಬಡೀಬಾರದು ನೋಡು. ಅಲ್ಲೊಂದು ಗೂಡು ಕಟ್ಟಿ, ಸುಣ್ಣಾ ಬಳಿದು ಗುಡಿ ಮಾಡಿಬಿಡೋಣು. ಅಂವ ಸುತ್ತಿಗಿ ಎತ್ತಿದ್ದೇ ತಡ, ನಿನ್ನ ಮೈಮ್ಯಾಲೆ ಎರ್ರಮ್ಮ ಬರಬೇಕು. 'ಇಲ್ಲಿ ಮುಟ್ಟಿದ್ರ ಸುಟ್ಟೇನು' ಅನ್ನಬೇಕು. ದೇವರ ತಂಟಿಗೆ ಹೋಗಾಕ ಆ ಬಿಳಿ ಮಂದಿಗೆ ಹೆದರಿಕಿ ಅದ."

"ಅಲ್ಲೇ ಯಾಕ ಬಡೀಬಾರದ್ರಿ?"

"ಅದು... ಆಕಿ ಪಾದ ಅಲ್ಲೇನು? ಪಾದಕ್ಕ ಬಡೀತಾರೇನವಾ?"

ಇದು ಹಂಪಕ್ಕನಿಗೆ ಸರಿ ಕಂಡಿತು. ಮೊದಲೇ ಮಗಳಿದ್ದ ಹಾಗೆ ತೊಳೆದು ಬೆಳಗಿದ ಮೈ, ಅದರ ಮೇಲೆ ಯಾವನೋ ಸುತ್ತಿಗೆ ಎತ್ತುವುದೇ? ಅದಕ್ಕಿಂತ ಹೆಚ್ಚಾಗಿ ಇಡೀ ಪ್ರೆಸ್ಸು, ಸಾಹೇಬ, ಹುಲುಗಮ್ಮ, ಎಲ್ಲರ ಕಣ್ಣೆದುರಿಗೆ ಮೈತುಂಬಿ ಕುಣಿಯುವ ಅವಕಾಶ. ಬೇಡ ಅನ್ನಲು ಅವಳಿಗೇನು ಹುಚ್ಚೇ? ಅಂದೇ ಸಂಜೆ ಎರ್ರಮ್ಮನ ಕಾಲ ಬಳಿ ಪುಟ್ಟ ಗೂಡು ಎದ್ದಿತು. ಸುಣ್ಣ, ಕೆಮ್ಮಣ್ಣು, ಬೇವಿನ ಸೊಪ್ಪು, ಎರಡು ಬೆಳ್ಳಿಯ ಕಣ್ಣು. ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು.

ಭಾನುವಾರ ಹಂಪಕ್ಕ ಎರ್ರಮ್ಮನ ಸ್ನಾನಕ್ಕೆ ಹೊರಡುವ ಮೊದಲು ಮನೆಯಲ್ಲಿ ತಾಲೀಮಿಗೆ ನಿಂತಳು. ಗಂಡನ ಕೈಗೆ ಒನಕೆ ಕೊಟ್ಟು, "ನೀ ಸಾಹೇಬ. ಬಡೀಯಾಕ ಬಾ," ಎಂದಳು.

ಚಿನ್ನಪ್ಪನದು ಕಡಿಮೆ ಮಾತು. ಮನೆಯಲ್ಲಿ ಎಲ್ಲರ ಪಾಲಿನ ಮಾತನ್ನೂ ಹಂಪಕ್ಕನೇ ಆಡಿ ಮುಗಿಸುತ್ತಿದ್ದರಿಂದ ಅವನಿಗೆ ಉಳಿಯುತ್ತಲೂ ಇರಲಿಲ್ಲ. ಅವನು ಒನಕೆ ಹಿಡಿದು ಎರಡು ಹೆಜ್ಜೆ ಬಂದ. ಹಂಪಕ್ಕ ತಲೆಗೂದಲು ಬಿಚ್ಚಿ, ಕಣ್ಣು ಕೆಂಪಗೆ ಮಾಡಿ, "ಏಯ್! ಮುಟ್ಟಬ್ಯಾಡ! ಸುಟ್ಟು ಬೂದಿ ಮಾಡ್ತೀನಿ!" ಎಂದು ಅಬ್ಬರಿಸಿದಳು. ಪಕ್ಕದ ಮನೆಯಲ್ಲಿ ಹುಲುಗಮ್ಮನ ಕೋಳಿಗಳು ಚದುರಿ ಓಡಿದವು.

"ಹೆಂಗಿತ್ತು?"

ಚಿನ್ನಪ್ಪ ಒನಕೆ ಮೂಲೆಗಿಟ್ಟ. "ಬಡದ್ರ ಬಡೀಲಿ ಬಿಡಲೇ."

"ಏನಂದಿ?"

ಅವನು ಸೊಂಟದ ಗಂಟು ಬಿಚ್ಚಿ, ಅಂಗೈಯ ಮೇಲೆ ಏನೋ ಇಟ್ಟು ತೋರಿಸಿದ. ಕಂದು ಬಣ್ಣದ ಚೂರು. ಉಳ್ಳಾಗಡ್ಡಿಯ ಒಣ ಸಿಪ್ಪೆಯಂತೆ ಪದರು ಪದರು. ಹಂಪಕ್ಕ ಬೆರಳಿಂದ ಮುಟ್ಟಿದರೆ ಪುಡಿಯಾಯಿತು.

"ಇದು ಎರ್ರಮ್ಮನ ತಗಡು," ಎಂದ ಚಿನ್ನಪ್ಪ. "ಸಾಹೇಬ ಬರತಾನಂತ ಕಾಗದ ಬಂದ ದಿನ ರಾಘಣ್ಣಾರು ಕಾಲ ಹತ್ರ ಇಟ್ಟಂಗಿ ಎರಡು ತೆಗಿಸಿದ್ರು. ಒಳಗ ಬರೀ ಹಸಿ. ಛತ್ರಿ ತುದೀಲಿ ಕೆದರಿದ್ರು ನೋಡು, ಕಬ್ಬಿಣ ಇಂಥಾವ ಸಿಪ್ಪಿ ಸಿಪ್ಪಿ ಬಿತ್ತು. ಒಳಗ ಎಷ್ಟು ದಪ್ಪ ಉಳದೈತೋ ಆ ಶಿವಗ ಗೊತ್ತು. ಸುಗ್ಗಿ ಮುಗಿಯೋತನಕ ಬಾಯಿ ಮುಚ್ಕೊಂಡಿರು ಅಂದ್ರು. ಅದಕ್ಕ ಈ ಗುಡಿ."

"ಮುಗಿಯೋದ್ರಾಗ ಅದು ಕಿತ್ಕೊಂಡ್ರ?"

"ಉಗಿ ಹೊರಗ ಬರತೈತಿ."

"ಹೊರಗಂದ್ರ ಎಲ್ಲಿ?"

ಚಿನ್ನಪ್ಪ ಬಗ್ಗಿ ತನ್ನ ಮೊಳಕಾಲು ಸವರಿಕೊಂಡ. ಬೆಂಕಿಯ ಬಾಗಿಲ ಬಲಕ್ಕೆ, ಆ ಗೂಡಿಗೆ ಮೊಳಕಾಲು ತಾಗುವಂತೆ, ಬೆಳಗಿನಿಂದ ಸಂಜೆಯ ತನಕ ನಿಲ್ಲುವವನು ಯಾರು ಎಂದು ಹಂಪಕ್ಕನಿಗೆ ಗೊತ್ತಿರಲಿಲ್ಲವೇ? ಬೇರೆ ಕಡೆ ನಿಂತು ಕಟ್ಟಿಗೆ ಹಾಕಲು ಬರುವುದಿಲ್ಲ.

"ನನಗ್ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ನೀ ಸಿರುಗುಪ್ಪಿತನಕ ಸಾರಿಕೊಂಡು ಬರತಿ." ನೆಲ ನೋಡುತ್ತ ಅವನು ಕೇಳಿದ, "ಹಂಪಿ, ಕಬ್ಬಿಣದ ಬೋಗಾಣ್ಯಾಗ ಹುಳಿಸಾರು ಕಾಸಿಡ್ತಿಯೇನು ನೀನು?"

"ಯಾರು ಕಾಸಿಡ್ತಾರ? ಕಬ್ಬಿಣಾನ ತಿಂದ್ಹಾಕತೈತಿ ಹುಳಿ! ಸಾರೆಲ್ಲಾ ಕರ್ರಗ..."

ಅಲ್ಲಿಗೆ ಹಂಪಕ್ಕನ ಬಾಯಿ ನಿಂತಿತು. ಬಳ್ಳಾರಿಗೆ ಬಂದ ಮೇಲೆ ಅದು ನಿಂತದ್ದು ಅದೇ ಮೊದಲು. ನೋಡಿ, ಇದೇನು ದೊಡ್ಡ ವಿದ್ಯೆಯಲ್ಲ. ಒಲೆಯ ಮುಂದೆ ಕೂತ ಯಾವ ಹೆಂಗಸಿಗೂ ಗೊತ್ತು. ತಾಮ್ರಕ್ಕೆ ಹುಳಿ, ಹಿತ್ತಾಳೆಗೆ ಹುಳಿ, ಕಬ್ಬಿಣಕ್ಕೆ ಮಾತ್ರ ಹುಳಿ ಮುಟ್ಟಿಸಬಾರದು. ಮನೆಯ ಬೋಗಾಣಿಯ ಹತ್ತಿರ ಇದು ಅವಳಿಗೆ ಒಂದು ದಿನವೂ ಮರೆತಿರಲಿಲ್ಲ. ಆದರೆ ಎರ್ರಮ್ಮ ಅವಳ ಕಣ್ಣಿಗೆ ಬೋಗಾಣಿಯಾಗಿ ಕಂಡಿದ್ದರೆ ತಾನೇ! ದೇವಿಗೆ ಯಾರಾದರೂ ಇದು ಯಾವ ಲೋಹ ಅಂತ ವಿಚಾರಿಸಿ ಸ್ನಾನ ಮಾಡಿಸುತ್ತಾರೆಯೇ? ವಾರ ವಾರ ಸುರಿದ ಹುಳಿ, ಉಪ್ಪು, ನೀರು ಇಳಿದು ಇಳಿದು ಇಟ್ಟಿಗೆಯ ಸಂದಿಯಲ್ಲಿ ಕೂತು, ಒಣಗದೆ, ಯಾರ ಕಣ್ಣಿಗೂ ಬೀಳದೆ ಕಬ್ಬಿಣವನ್ನು ನೆಕ್ಕುತ್ತ ಬಂದಿತ್ತು. ಮೇಲೆ ಮುಖ ಮಾತ್ರ ಕನ್ನಡಿ.

"ನಿನ್ನ ಕೈಲಿಂದ ಆತು ಅಂತ ಗೊತ್ತಾದ್ರ ಮೊದಲ ನಿನ್ನ ಹೊರಗ ಹಾಕ್ತಾರ," ಎಂದ ಚಿನ್ನಪ್ಪ. "ಅದಕ್ಕ ನಾ ಸುಮ್ಮನಿದ್ದೆ."

ಹಂಪಕ್ಕ ಹಿಚುಕಿ ಇಟ್ಟಿದ್ದ ಹುಳಿಯನ್ನು ತಿಪ್ಪೆಗೆ ಚೆಲ್ಲಿ ಬಂದು, ಗೋಡೆಗೆ ಒರಗಿ ಕೂತು ಅತ್ತಳು. ಅವಳು ಅಳುವುದು ಕೇಳಿ ಹುಲುಗಮ್ಮ ಗೋಡೆಯ ಆಚೆಯಿಂದ, "ಏನವಾ ಹಂಪಕ್ಕ, ದೇವರು ಅರ್ಧಕ್ಕ ವಾಪಸ್ ಹೋದ್ಲೇನು?" ಎಂದು ಕೂಗಿದಳು. ಹಂಪಕ್ಕ ತಿರುಗಿ ಬಯ್ಯಲಿಲ್ಲ. ಹುಲುಗಮ್ಮನಿಗೇ ಗಾಬರಿಯಾಯಿತು.

ಆಮೇಲಿನ ದಿನಗಳು ಹಂಪಕ್ಕನಿಗೆ ಅನ್ನ ಸೇರಲಿಲ್ಲ. ನಿಜ ಹೇಳಿದರೆ ಎರ್ರಮ್ಮನನ್ನು ತಿಂದವಳು ನೀನೇ ಎಂದು ಗಂಡ ಹೆಂಡತಿ ಇಬ್ಬರನ್ನೂ ಗೇಟಿನ ಹೊರಗೆ ಹಾಕುವರು. ಹೇಳದಿದ್ದರೆ ಚಿನ್ನಪ್ಪ ದಿನ ಬೆಳಗಾದರೆ ಆ ಗೂಡಿಗೆ ಮೊಳಕಾಲು ಕೊಟ್ಟು ನಿಲ್ಲುವನು. ಉಗಿ ಏರಿ ಎರ್ರಮ್ಮ ಗುಂಯ್ ಎಂದಾಗಲೆಲ್ಲ ಇವಳು ಕೊಡ ಇಳಿಸಿ ಓಡಿ ಬಂದು ನೋಡುವಳು. "ಇನ್ನೂ ಅದೀನಿ, ನೀರು ತಗೊಂಬಾ," ಎನ್ನುವನು ಅವನು.

ಸಾಹೇಬರು ಬಂದರು. ಉದ್ದನೆಯ ಒಣಕಲು ಮನುಷ್ಯ, ಮದ್ರಾಸಿನಲ್ಲೇ ಹುಟ್ಟಿ ಬೆಳೆದದ್ದರಿಂದ ತೆಲುಗು ಮಾತು ನೀರು ಕುಡಿದ ಹಾಗೆ ಬರುತ್ತಿತ್ತು, ಕನ್ನಡ ಕೇಳಿದರೆ ತಿಳಿಯುತ್ತಿತ್ತು. ಕಂಟೋನ್ಮೆಂಟಿನ ಬಂಗಲೆಯಲ್ಲಿ ಕೂತು ಕರೆಸಿಕೊಳ್ಳುತ್ತಾರೆ ಎಂದು ರಾಘಣ್ಣನವರು ಹಾರ, ಹಣ್ಣು ಸಿದ್ಧ ಮಾಡಿದ್ದರು. ಅವರು ಸೀದಾ ಪ್ರೆಸ್ಸಿಗೆ ಬಂದು, ಕೋಟು ಬಿಚ್ಚಿ, ಹಳೆಯ ಚಲ್ಲಣ ಹಾಕಿಕೊಂಡು, ಆರಿಸಿ ಖಾಲಿ ಮಾಡಿದ್ದ ಎರ್ರಮ್ಮನ ನೆತ್ತಿಯ ಕಿಂಡಿಯಿಂದ ಒಳಗೇ ಇಳಿದುಬಿಟ್ಟರು! ಹೆಂಗಸರೆಲ್ಲ ಬಾಯಿಯ ಮೇಲೆ ಸೆರಗು ಒತ್ತಿಕೊಂಡರು. ಒಳಗಿನಿಂದ ಸುತ್ತಿಗೆಯ ಸದ್ದು ಕೇಳಿತು. ಟಣ್, ಟಣ್, ಟಣ್. ಹೊರಗೆ ಬಂದಾಗ ಸಾಹೇಬರಿಗೂ ಚಿನ್ನಪ್ಪನಿಗೂ ಬಣ್ಣದಲ್ಲಿ ಭೇದ ಉಳಿದಿರಲಿಲ್ಲ.

"ಒಳಗೆ ಚೆನ್ನಾಗಿದ್ದಾಳೆ," ಎಂದರು ತೆಲುಗಿನಲ್ಲಿ. "ತಗಡು ಪೆಟ್ಟಿಗೆ ಗಂಟೆಯ ಹಾಗೆ ನುಡಿಯಬೇಕು. ನುಡಿದರೆ ದಪ್ಪವಿದೆ ಎಂದು ಲೆಕ್ಕ. ಇನ್ನು ಮುಖ ನೋಡೋಣ." ಮೇಲಿನಿಂದ ಬಡಿಯುತ್ತ ಬಂದರು. ಟಣ್, ಟಣ್. ಕಾಲ ಬಳಿಯ ಗೂಡು ಕಂಡು ನಿಂತರು. "ಇದೇನು?"

"ದೇವಸ್ಥಾನ ಸ್ವಾಮಿ. ಬಹಳ ಹಳೇದು," ಎಂದರು ರಾಘಣ್ಣನವರು. ಸುಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು.

ಸಾಹೇಬರು ಬೆರಳು ನೋಡಿಕೊಂಡರು. ನಗಲಿಲ್ಲ. "ದೇವರ ಮೇಲೆ ನಾನು ಸುತ್ತಿಗೆ ಎತ್ತುವುದಿಲ್ಲ. ಆದರೆ ಬಡಿದು ನೋಡದ ಜಾಗಕ್ಕೆ ಸರಿ ಎಂದು ಬರೆಯುವುದೂ ಇಲ್ಲ. ನೀವೇ ಗುಡಿ ತೆಗೆಸಿ, ಇಲ್ಲವೇ ಬೀಗ ಹಾಕಿ."

ಇದನ್ನು ರಾಘಣ್ಣನವರು ಎಣಿಸಿರಲಿಲ್ಲ. ಬೆವರು ಅಕ್ಷತೆಯನ್ನು ದಾಟಿ ಮೂಗಿಗೆ ಇಳಿಯಿತು. "ಸ್ವಾಮಿ, ದೇವೀನ ಕೇಳಿಬಿಡ್ರಿ! ಆಕೀನೇ ಗಟ್ಟಿ ಅದೀನಿ ಅಂದ್ರ ಆತಲ್ಲ? ಸುಗ್ಗಿ ಮುಗಿಯೋತನಕ ನಡೆಸಾಕ ಬಿಡ್ರಿ ಸಾಕು. ಹಂಪಕ್ಕ! ಏ ಹಂಪಕ್ಕ!" ಎಂದು ಕಣ್ಣು ಮಿಟುಕಿಸಿದರು.

"ಕೇಳೋಣ," ಎಂದು ಸಾಹೇಬರು ಒಂದು ಹತ್ತಿಯ ಅಂಡಿಗೆಯ ಮೇಲೆ ಕೂತರು.

ಇಡೀ ಪ್ರೆಸ್ಸು ಸುತ್ತುಗಟ್ಟಿತ್ತು. ಹಂಪಕ್ಕ ನಡುವೆ ಬಂದು ತಲೆ ಬಿಚ್ಚಿದಳು. ತೂಗಿದಳು. ಹ್ಞೂಂ ಎಂದಳು. ಏನೂ ಬರಲಿಲ್ಲ. ಕಲಿತ ಮಾತು ನಾಲಗೆಯ ತುದಿಯಲ್ಲಿತ್ತು, ಆದರೆ ನಾಲಗೆ ಏಳಲಿಲ್ಲ. "ಇದೇನು ದೇವರೋ, ಹಲ್ಲುನೋವೋ!" ಎಂದಳು ಹಿಂದಿನಿಂದ ಹುಲುಗಮ್ಮ. ಜನ ಕಿಸಕ್ಕೆಂದರು.

ಆಗ ಹಂಪಕ್ಕನ ಕಣ್ಣು ಗಂಡನ ಮೇಲೆ ಬಿತ್ತು. ಅವನು ಎಲ್ಲರ ಹಾಗೆ ದೂರ ನಿಂತಿರಲಿಲ್ಲ. ದಿನದ ರೂಢಿಯಂತೆ ಬೆಂಕಿಯ ಬಾಗಿಲ ಬಲಕ್ಕೆ, ಬೂದಿ ಕೆದರುವ ಸರಳನ್ನು ಊರಿಕೊಂಡು, ಗೂಡಿಗೆ ಮೊಳಕಾಲು ತಾಗಿಸಿ ನಿಂತಿದ್ದ. ಖಾಲಿ ಎರ್ರಮ್ಮನ ಮುಂದೆಯೂ ಅಲ್ಲೇ! ಹಂಪಕ್ಕನ ಅಂಗಾಲಿನಿಂದ ಉರಿ ಎದ್ದಿತು. ಕಟ್ಟಿದಲ್ಲೇ ನಿಲ್ಲುವ ಬಸವ ಇಂವ ಒಬ್ಬ! ಅಲ್ಲಿ ದೂರದಲ್ಲಿ ಛತ್ರಿ ಹಿಡಿದು ನಿಂತು ಕಣ್ಣು ಮಿಟುಕಿಸುವ ಅವರೊಬ್ಬರು! ಮೈ ಗಡಗಡ ನಡುಗತೊಡಗಿತು. ನಡುಗಿಸುತ್ತಿದ್ದವಳು ತಾನಲ್ಲ ಎಂದು ಅವಳಿಗೆ ಗೊತ್ತಾಯಿತು, ನಿಲ್ಲಿಸಲು ನೋಡಿದರೆ ನಿಲ್ಲಲಿಲ್ಲ.

"ಲೇ ರಾಘಣ್ಣಾ!"

ಜನರ ನಗೆ ಅಲ್ಲಲ್ಲೇ ಆರಿತು. ಗುಮಾಸ್ತರನ್ನು ಬಳ್ಳಾರಿಯಲ್ಲಿ ಹಾಗೆ ಕರೆದವರಿರಲಿಲ್ಲ. ಆದರೆ ಕರೆದದ್ದು ದೇವರು. ತಾವೇ ಕರೆಸಿದ ದೇವರು. ಏನು ಮಾಡುತ್ತಾರೆ? "ತಾಯಿ," ಎಂದು ಛತ್ರಿ ಕಂಕುಳಲ್ಲಿ ಅವುಚಿ ಕೈ ಮುಗಿದರು.

"ನಾ ಗಟ್ಟಿ ಅದೀನೇನಲೇ?"

"ಅದೀ ತಾಯಿ, ಕಲ್ಲಿನ ಹಂಗ ಅದೀ."

"ಹಂಗಾರ ಬಾ ಇಲ್ಲಿ. ಚಿನ್ನಪ್ಪನ ಅತ್ಲಾಗ ಸರಿಸು. ಅಂವ ನಿಂದ್ರೋ ಜಾಗದಾಗ ನೀ ನಿಂದ್ರು."

ರಾಘಣ್ಣನವರು ಬಂದರು. ಬರದಿದ್ದರೆ ಜನ ಬಿಡುತ್ತಿರಲಿಲ್ಲ. ಚಿನ್ನಪ್ಪ ಸರಿದು ನಿಂತು, ಮರ್ಯಾದೆಯಿಂದ ಸರಳನ್ನು ಅವರ ಕೈಗೆ ಕೊಟ್ಟ. ಮುಟ್ಟಬಾರದವನ ಬೆವರು ಹತ್ತಿದ ಸರಳು. ಮೈಲಿಗೆಯ ನೆನಪು ಅವರಿಗೆ ಆ ಹೊತ್ತಿಗೆ ಬರಲಿಲ್ಲ, ಯಾಕೆಂದರೆ ಅವರ ಕಣ್ಣು ಮೊಳಕಾಲ ಬಳಿಯ ಗೂಡಿನ ಮೇಲೆ ನೆಟ್ಟಿತ್ತು.

"ಈಗ ನೀರು ತುಂಬಸ್ತೀನಿ, ಬೆಂಕಿ ಹಚ್ಚಸ್ತೀನಿ," ಎಂದು ಹಂಪಕ್ಕ ಗುಡುಗಿದಳು. "ಉಗಿ ಪೂರಾ ಏರಲಿ. ಸುಗ್ಗಿ ಮುಗಿಯೋತನಕ ಇಲ್ಲೇ ನಿಂತು ನಿನ್ನ ಕೈಲಿಂದ ನನ್ನ ಬಾಯಿಗೆ ಕಟಗಿ ಹಾಕು. ನಿನ್ನ ನಾ ಕಾಯ್ತೀನಿ!"

"ನನಗ ಕಟಗಿ ಹಾಕಾಕ ಬರೂದಿಲ್ಲ ತಾಯಿ..."

"ಕಲಸ್ತೀನಿ!"

"ನನಗ... ಉಷ್ಣ ಆಗಿಬರೂದಿಲ್ಲ..."

"ಚಿನ್ನಪ್ಪಗ ಆಗಿಬರತೈತೇನಲೇ? ಅವನ್ನ ಹೆತ್ತಾಕಿ ಬ್ಯಾರೆ, ನಿನ್ನ ಹೆತ್ತಾಕಿ ಬ್ಯಾರೇನು?"

ಮಾತು ನಡೆಯುತ್ತಿದ್ದಂತೆ ರಾಘಣ್ಣನವರ ಪಾದಗಳು ತಮಗೆ ತಾವೇ ಎಡಕ್ಕೆ ಸರಿಯುತ್ತಿದ್ದವು. ಕೈ ಮುಗಿದದ್ದು ಹಾಗೇ ಇತ್ತು, ಮುಖ ದೇವಿಯ ಕಡೆಗೇ ಇತ್ತು, ಮೈ ಮಾತ್ರ ಗೂಡಿನಿಂದ ದೂರ ಹೊರಟಿತ್ತು. ಅಂಡಿಗೆಯ ಮೇಲಿನ ಸಾಹೇಬರು ಅವರ ಕಾಲನ್ನೇ ನೋಡುತ್ತಿದ್ದರು.

"ಲೇ, ನಿಂದ್ರು ಅಂದ್ರ ನಿಂದ್ರು! ಹಂಪಕ್ಕಾ, ನೀರು ತಗೊಂಬಾ!" ಎಂದು ದೇವಿ ಕೂಗಿದಳು. ಹಂಪಕ್ಕ ತಾನೇ ದೇವಿಯಾಗಿ ನಿಂತದ್ದರಿಂದ ನೀರಿಗೆ ಯಾರೂ ಹೋಗಲಿಲ್ಲ. ಅಷ್ಟರಲ್ಲಿ ಹುಲುಗಮ್ಮನೇ ಭಕ್ತಿಯಿಂದ ಕೊಡ ಎತ್ತಿಕೊಂಡು ಓಡಿದಳು. ನೀರು ಬರುವುದು ಕಂಡದ್ದೇ ರಾಘಣ್ಣನವರು ಸರಳು ಬಿಸಾಡಿದರು.

"ಬಡೀರಿ ಸಾಹೇಬ್ರ! ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲ ಬಡದು ನೋಡ್ರಿ!"

ಗೂಡು ಉರುಳಿತು. ಇಟ್ಟಿಗೆ ತೆಗೆದರು. ಸಾಹೇಬರು ಮಂಡಿ ಊರಿ ಸುತ್ತಿಗೆಯ ಮೊನೆಯ ಕಡೆಯಿಂದ ಒಂದು ಪೆಟ್ಟು ಕೊಟ್ಟರು. ಟಣ್ ಎನ್ನಲಿಲ್ಲ. ದಬ್ ಎಂದಿತು. ಇನ್ನೊಂದು ಕೊಟ್ಟರು. ಸುತ್ತಿಗೆಯ ಮೊನೆ ಕಬ್ಬಿಣದೊಳಗೆ ಹೊಕ್ಕು ಅಲ್ಲೇ ಕೂತಿತು. ಕಂದು ಪುಡಿ ಸುರಿಯಿತು. ಹಂಪಕ್ಕನಿಗೆ ಆ ತೂತಿನ ಎದುರಿಗೆ ಗಂಡನ ಮೊಳಕಾಲು ಕಂಡಿತು. ಅದರ ಮೇಲಿದ್ದ ಹಳೆಯ ಸುಟ್ಟ ಕಲೆಯೂ ಕಂಡಿತು.

ಆಮೇಲೆ ಸಾಹೇಬರು ಮಾಡಿದ ಕೆಲಸ ನಿಧಾನದ್ದು. ತೂತಿನ ಸುತ್ತ ಸಣ್ಣ ಸಣ್ಣ ರಂಧ್ರ ಕೊರೆಸಿದರು. ತುದಿ ಬಾಗಿದ ತಂತಿಯನ್ನು ಒಳಗಿಳಿಸಿ ಎಲ್ಲಿ ಎಷ್ಟು ದಪ್ಪ ಉಳಿದಿದೆ ಎಂದು ಅಳೆದರು. ಗಟ್ಟಿ ಕಬ್ಬಿಣ ಸಿಗುವ ತನಕ ಸರಿದು ಸರಿದು ಅಳೆದು, ಕೊನೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. "ಇಷ್ಟು ಸತ್ತಿದೆ. ಉಳಿದದ್ದು ಬದುಕಿದೆ. ಇಷ್ಟನ್ನು ಕತ್ತರಿಸಿ ಹೊಸ ತಗಡಿನ ತೇಪೆ ಹಾಕಿ. ತೇಪೆ ಹಾಕಿದ ಮೇಲೂ ಮೊದಲಿನಷ್ಟು ಉಗಿ ಏರಿಸಬಾರದು. ನಾನು ಹೇಳಿದ ಗುರುತಿನ ಒಳಗೆ ನಡೆಸಿದರೆ ಇನ್ನೂ ಬಹಳ ಕಾಲ ದುಡಿಯುತ್ತಾಳೆ." ಆಮೇಲೆ ಎದ್ದು ಕೇಳಿದರು, "ಒಳಗಿನಿಂದ ತಿಂದದ್ದಲ್ಲ ಇದು. ಹೊರಗಿನಿಂದ ತಿಂದದ್ದು. ಯಾರು ಏನು ಸುರಿಯುತ್ತಿದ್ದರು ಇಲ್ಲಿ?"

ರಾಘಣ್ಣನವರ ಬಾಯಿ ತೆರೆಯಿತು. ದೇವರು ಇಳಿದು ಹೋಗಲು ಇನ್ನೂ ಸ್ವಲ್ಪ ಹೊತ್ತಿದೆ ಎಂದು ಹಂಪಕ್ಕನಿಗೆ ಆಗ ಅನ್ನಿಸಿತು.

"ನನ್ನ ಮಗಳು ಹಂಪಕ್ಕ!" ಎಂದು ಮತ್ತೆ ತೂಗಿದಳು. "ಹುಳಿ ಹಚ್ಚಿ ತಿಕ್ಕಿದ್ಲು. ಉಪ್ಪು ಹಾಕಿ ತೊಳದ್ಲು. ಮುಖ ನೋಡಿದ್ಲು, ಕಾಲು ನೋಡಲಿಲ್ಲ. ತಪ್ಪು ಆಕೀದು. ಪ್ರೀತೀಲಿ ಮಾಡಿದ ತಪ್ಪು, ಹೊಟ್ಟಿಗೆ ಹಾಕ್ಕೊಂಡೀನಿ ನಾನು. ಆಕೀನ್ನ, ಆಕಿ ಗಂಡನ್ನ ಯಾವನರ ಕೆಲಸದಿಂದ ತೆಗದ್ರ..." ಇಲ್ಲಿ ದೇವಿ ಕಣ್ಣು ಹೊರಳಿಸಿ ಗುಮಾಸ್ತರನ್ನು ನೋಡಿದಳು. ರಾಘಣ್ಣನವರು ಅಲ್ಲೇ ಅಡ್ಡಬಿದ್ದರು. ಪಂಚೆಯ ತುಂಬ ಜಂಗಿನ ಪುಡಿ.

ಸಾಹೇಬರು ಮೀಸೆಯ ಅಡಿಯಲ್ಲಿ ಏನು ನಕ್ಕರೋ ಕಾಣಲಿಲ್ಲ. "ದೇವಿಯ ಮಗಳಿಗೆ ಹೇಳಿ," ಎಂದರು, "ಇನ್ನು ಮೇಲೆ ಒಣ ಬಟ್ಟೆಯಲ್ಲಿ ಒರೆಸಬೇಕು. ನೀರಿನ ಹನಿ ಹೊರಗೆ ಬೀಳಬಾರದು."

ಅಂದು ಮನೆಗೆ ನಡೆಯುತ್ತ ಚಿನ್ನಪ್ಪ ಕೇಳಿದ, "ಹಂಪಿ, ಖರೇನೇ ಬಂದಿದ್ಲೇನು?"

"ಮೊದಲ ಇಲ್ಲ. ನಿನ್ನ ಅಲ್ಲಿ ನೋಡಿದ ಮ್ಯಾಲ ಏನೋ ಬಂತು. ಯಾರು ಅಂತ ನಾ ಕೇಳಾಕ ಹೋಗಲಿಲ್ಲ."

ಗುಂತಕಲ್ಲಿನಿಂದ ರಿವೆಟ್ ಹೊಡೆಯುವವರು ಬಂದರು. ಸತ್ತ ತಗಡನ್ನು ಕತ್ತರಿಸಿ ತೆಗೆದು, ಹೊಸದನ್ನು ಇಟ್ಟು, ಸುತ್ತ ಕೆಂಡದಂಥ ಮೊಳೆಗಳನ್ನು ಹೊಡೆದು ಕೂರಿಸಿದರು. ಗಾಡಿಯವರು ಅಂಗಳದಲ್ಲೇ ಅಡಿಗೆ ಮಾಡಿಕೊಂಡು ಶಾಪ ಹಾಕುತ್ತ ಕಾದರು. ತೇಪೆ ಮುಗಿದ ಮೇಲೆ ಸಾಹೇಬರು ಮತ್ತೆ ಬಂದರು. ಬೆಂಕಿ ಹಚ್ಚುವ ಮೊದಲು ನೀರಿನ ಪರೀಕ್ಷೆ. ಎರ್ರಮ್ಮನ ಹೊಟ್ಟೆಗೆ ಕಂಠದ ತನಕ ತಣ್ಣೀರು ತುಂಬಿ, ಕೈಪಂಪಿನಿಂದ ಇನ್ನೂ ಇನ್ನೂ ಒತ್ತಿ, ಉಗಿ ಒತ್ತುವುದಕ್ಕಿಂತ ಹೆಚ್ಚಿನ ಒತ್ತಡ ಕೊಡುವುದು. ಎಲ್ಲಾದರೂ ಹನಿ ಜಿನುಗಿದರೆ ಕೆಲಸ ಕೆಟ್ಟಿತು ಎಂದು ಅರ್ಥ.

ನೀರು ಹೊತ್ತವಳು ಹಂಪಕ್ಕ. ಬೇರೆ ಹೆಂಗಸರು ಕೊಡ ಕೊಟ್ಟರೂ ಕಿಂಡಿಗೆ ಸುರಿಯುವವಳು ತಾನೇ ಎಂದು ಹಠ ಹಿಡಿದಳು, ಒಂದು ಹನಿಯನ್ನೂ ಹೊರಗೆ ಚೆಲ್ಲಲಿಲ್ಲ. ಪಂಪು ಒತ್ತತೊಡಗಿದರು. ಸಾಹೇಬರು, ರಾಘಣ್ಣನವರು, ಕೂಲಿಗಳು ಎಲ್ಲರ ಕಣ್ಣೂ ಒತ್ತಡ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ಏರಿತು. ಎಲ್ಲೋ ಒಳಗೆ ಕಬ್ಬಿಣ ಕಿರ್ರೆಂದಿತು. ರಾಘಣ್ಣನವರು ಬಾಗಿಲಾಚೆ ಹೋದರು.

ಹಂಪಕ್ಕ ಮುಳ್ಳನ್ನು ನೋಡಲಿಲ್ಲ. ಕೈಯನ್ನು ಸೆರಗಿನಲ್ಲಿ ಒರೆಸಿದಳು, ಮತ್ತೆ ಒರೆಸಿದಳು, ಚಿನ್ನಪ್ಪನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಂಗೈಯನ್ನು ತೇಪೆಯ ಮೇಲೆ ಒತ್ತಿ ಹಿಡಿದಳು. "ಏಯ್, ಸರಿಯಲೇ ಅತ್ಲಾಗ," ಎಂದ ಚಿನ್ನಪ್ಪ. ಅವಳು ಸರಿಯಲಿಲ್ಲ. ಒಂದೊಂದು ಮೊಳೆಯ ತಲೆಯನ್ನೂ ಸವರಿದಳು. ತಗಡಿನ ಅಂಚನ್ನು ಮೇಲೆ, ಕೆಳಗೆ, ಇಟ್ಟಿಗೆಯ ತನಕ ಬೆರಳಿನಿಂದ ಸವರಿಕೊಂಡು ಬಂದಳು. ತುಟಿ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಪಂಪಿನವರು ನಿಲ್ಲಿಸಿದರು. ಮುಳ್ಳು ನಿಂತಲ್ಲೇ ನಿಂತಿತು. "ಚೆನ್ನಾಗಿದೆ," ಎಂದರು ಸಾಹೇಬರು.

ಹಂಪಕ್ಕನಿಗೆ ಅವರ ಮಾತು ಸಾಲಲಿಲ್ಲ. ಇನ್ನೊಂದು ಸಲ ಪೂರ್ತಿ ಸವರಿದಳು. ಆಮೇಲೆ ಕೈ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಹುಟ್ಟಿದಾಗಿನಿಂದ ನೀರಿನಲ್ಲೇ ನೆಂದು ಬಿಳಿಚಿ ಬಿರಿದ ಅಂಗೈ. ಅದನ್ನು ಗಂಡನ ಮುಖದ ಹತ್ತಿರ ತಂದು, ಅವನ ಕೆನ್ನೆಗೆ ಒತ್ತಿದಳು.

"ಒಣಗೇ ಐತಿ ನೋಡು," ಎಂದಳು. "ಹಚ್ಚು ಬೆಂಕಿ."